ನಲ್ಲಿಗೆ ಐದರಲ್ಲಿ ನಾಲ್ಕೂವರೆ, ಸಿಲಿಕಾಗೆ ಎರಡು

ಮಂಗಳೂರಿನ ಹಂಪನಕಟ್ಟೆಯ ಗಲ್ಲಿಯಲ್ಲಿರುವ ಪ್ರಯೋಗಾಲಯ ಸಾಮಾನಿನ ಅಂಗಡಿಯೊಂದರಿಂದ ಜೂನ್‌ನಲ್ಲಿ, ಲಂಟಾನ ಸೊಪ್ಪಿನ ಸಾರದಲ್ಲಿರುವ ಸಂಯುಕ್ತಗಳನ್ನು ಬೇರ್ಪಡಿಸಲೆಂದು ಎರಡು ವಸ್ತು ತಂದೆ. ಟೆಫ್ಲಾನ್ ನಲ್ಲಿಯ 45 ಸೆಂ.ಮೀ. ಗಾಜಿನ ಕಾಲಂ, ಅಂದರೆ ಸಿಲಿಕಾ ತುಂಬಿ ಮೇಲಿಂದ ಸಾರ ಇಳಿಸುವ ಕೊಳವೆ, 1,800 ರೂಪಾಯಿ. ಜೊತೆಗೆ 60–120 ಮೆಶ್‌ನ (ಮೆಶ್ ಸಂಖ್ಯೆ ಹೆಚ್ಚಿದಷ್ಟು ಕಣ ಸಣ್ಣ) ಸಿಲಿಕಾ ಜೆಲ್ ಅರ್ಧ ಕಿಲೋ. "ಲಂಟಾನದ ಸೊಪ್ಪಿಗೆ ಇಷ್ಟು ಖರ್ಚೇ ಮೇಡಂ? ನಮ್ಮ ಗುಡ್ಡಕ್ಕೆ ಬನ್ನಿ, ಲಾರಿ ತುಂಬಿಸಿ ಕೊಡುತ್ತೇನೆ" ಎಂದರು ಅಂಗಡಿಯವರು. ಸೊಪ್ಪಿಗೆ ನನಗೂ ಬರವಿಲ್ಲ. ಮಣಿಪಾಲದ ಸುತ್ತಿನ ಪದವುಗಳಲ್ಲಿ ಕೈ ಗೀರಿಸಿಕೊಳ್ಳಲು ತಯಾರಿದ್ದರೆ ಸಾಕು.

ನಮ್ಮ ಕಾಲೇಜಿನ ಹಳೆಯ ಕಾಲಂಗಳಿಗೆ ಇರುವುದು ಗಾಜಿನ ನಲ್ಲಿ. ಸೋರದಂತೆ ಗ್ರೀಸ್ ಹಚ್ಚಬೇಕು. ಹೆಕ್ಸೇನ್ ಎಂಬ ದ್ರಾವಕ ಇಳಿಯುವಾಗ ಆ ಗ್ರೀಸನ್ನೂ ಕರಗಿಸಿಕೊಂಡು ಬರುತ್ತದೆ. ಕಳೆದ ವರ್ಷ ವಿದ್ಯಾರ್ಥಿಯೊಬ್ಬ ವಾರಗಟ್ಟಲೆ ಶುದ್ಧಗೊಳಿಸಿದ 'ಹೊಸ ಸಂಯುಕ್ತ' ಕೊನೆಗೆ ಗ್ರೀಸೇ ಆಗಿತ್ತು. ಟೆಫ್ಲಾನಿಗೆ ಆ ಉಪದ್ರವವಿಲ್ಲ. ಹನಿ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲುತ್ತದೆ. ತಳದಲ್ಲಿ ಗಾಜಿನ ಜರಡಿಬಿಲ್ಲೆ ಇಲ್ಲ, ಹತ್ತಿ ತುರುಕಬೇಕು, ಅಷ್ಟೇ ಕೊರತೆ.

ಸಿಲಿಕಾ ಚೀಲದ ಬಾಯಿ ಸಣ್ಣಗೆ ಬಿರಿದಿತ್ತು. ಇಲ್ಲಿನ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ತೇವ ಹೀರುವುದೇ ಕಸುಬಾದ ಸಿಲಿಕಾ ಒಣಗಿ ಕುಳಿತೀತೆ? ಹಾಗೆಯೇ ತುಂಬಿದ್ದು ನನ್ನ ತಪ್ಪು. ಸೊಪ್ಪಿನ ಸಾರ ಸುರಿದಾಗ ಹಳದಿ ಕ್ಯಾರೊಟೀನ್, ಹಸಿರು ಕ್ಲೋರೊಫಿಲ್ ಎರಡೂ ಕಲಸಿಕೊಂಡು ಇಳಿದವು. ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ತುಂಬಿದ ಮೇಲೆ ಪಟ್ಟಿಗಳು ಬೇರೆ ಬೇರೆ ನಿಂತವು.

ನನಗೆ ಬೇಕಿದ್ದದ್ದು ಬಣ್ಣವಿಲ್ಲದ ಲಂಟಾಡೀನ್‌ಗಳು. ಈ ಸೊಪ್ಪು ತಿಂದ ದನಗಳ ಲಿವರ್ ಕೆಡಿಸುವವು ಅವೇ. ಇಳಿದದ್ದನ್ನು ನಳಿಕೆಗಳಲ್ಲಿ ಹತ್ತು ಹತ್ತು ಮಿ.ಲೀ. ಹಿಡಿದು, ಪ್ರತಿಯೊಂದರ ಹನಿಯನ್ನು ಟಿಎಲ್‌ಸಿ (ತೆಳು ಪದರದ ಕ್ರೊಮ್ಯಾಟೊಗ್ರಫಿ) ತಟ್ಟೆಯಲ್ಲಿ ಓಡಿಸಿ, ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲದ ದ್ರಾವಣ ಸಿಂಪಡಿಸಿ ಬಿಸಿ ಮಾಡಿದೆ. 23ನೇ ನಳಿಕೆಯ ಜಾಗದಲ್ಲಿ ನೇರಳೆ ಹಣ್ಣು ಒತ್ತಿದಂತೆ ಕಲೆ ಎದ್ದಿತು. ಆದರೆ ದುಂಡಗಿರಲಿಲ್ಲ, ಉದ್ದಕ್ಕೆ ಎಳೆದುಕೊಂಡಿತ್ತು. ಲಂಟಾಡೀನ್ ಎ ಮತ್ತು ಬಿ ಎರಡಕ್ಕೂ ಅಣುಸೂತ್ರ ಒಂದೇ, ಒಂದು ಎಸ್ಟರ್ ಗುಂಪಿನ ಜೋಡಣೆಯಲ್ಲಷ್ಟೇ ವ್ಯತ್ಯಾಸ. ಈ ದಪ್ಪ ಕಣದ ಸಿಲಿಕಾಗೆ ಅವನ್ನು ಬಿಡಿಸಲು ಬರಲಿಲ್ಲ. ನಾನು ಕೇಳಿದ್ದು ಸಣ್ಣ ಕಣದ 230–400 ಮೆಶ್. "ಇದೂ ಅದೇ ಮೇಡಂ" ಎಂದು ಅಂಗಡಿಯವರು ಕೊಟ್ಟಿದ್ದರು.

ಅದೇ ಅಲ್ಲ. ಕಾಲಂ ಇನ್ನೊಂದು ಬೇಕು, ಅಲ್ಲಿಗೇ ಹೋಗುತ್ತೇನೆ. ಉಳಿದ ಸಿಲಿಕಾವನ್ನು ಮೊದಲ ವರ್ಷದ ಮಕ್ಕಳಿಗೆ ಬಸಳೆಯ ಹಸಿರು ಬೇರ್ಪಡಿಸಲೆಂದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.