ಮೂರು ವರ್ಷ ಉಂಗುರದಲ್ಲಿ: ನೀರು ಚೆನ್ನಾಗಿದೆ, ಫ್ಯಾನ್ ಸದ್ದು ಜಾಸ್ತಿ

ಮಂಗಳವನ್ನು ಸುತ್ತುವ ಈ ಉಂಗುರದಾಕಾರದ ನಿಲ್ದಾಣಕ್ಕೆ ಬಂದು ಮೂರು ವರ್ಷ ಆಯಿತು. ಕೆಳಗಿನ ವಸಾಹತಿನಲ್ಲಿ ಮನೆ ಸಿಗುವವರೆಗೆ ಆರು ತಿಂಗಳು ಇದ್ದು ಹೋಗೋಣ ಅಂತ ಬಂದವಳು ಇಲ್ಲೇ ಉಳಿದುಬಿಟ್ಟೆ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಮೊದಲು ತಲೆಸುತ್ತಿನ ವಿಷಯ. ಬುಕ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ. ಉಂಗುರ ಸುತ್ತುವುದರಿಂದಲೇ ಇಲ್ಲಿ ನಮಗೆ ತೂಕ. ಉಂಗುರದ ನಡುವಿನಿಂದ ನಾವು ಓಡಾಡುವ ನೆಲಕ್ಕೆ 224 ಮೀಟರ್ ಇದ್ದಿದ್ದರೆ ನಿಮಿಷಕ್ಕೆ ಎರಡು ಸುತ್ತಿನಲ್ಲೇ ಭೂಮಿಯಷ್ಟು ತೂಕ ಬರುತ್ತಿತ್ತು. ಇವರು ಖರ್ಚು ಉಳಿಸೋಕೆ 56 ಮೀಟರಿಗೇ ಮುಗಿಸಿದ್ದಾರೆ. ಹಾಗಾಗಿ ನಿಮಿಷಕ್ಕೆ ನಾಲ್ಕು ಸುತ್ತು. ಯಾರೋ ಕರೆದರು ಅಂತ ಥಟ್ಟನೆ ತಲೆ ತಿರುಗಿಸಿದರೆ ಹೊಟ್ಟೆ ತೊಳಸುತ್ತದೆ. ಒಂದು ಅಡಿ ಮೇಲಿಂದ ಲೋಟಕ್ಕೆ ನೀರು ಸುರಿದರೆ ಧಾರೆ ಎರಡು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಮೊದಲ ವಾರ ಮೇಜು ಒರೆಸಿದ್ದೇ ಒರೆಸಿದ್ದು. ಈಗ ಕೈ ತಾನಾಗಿಯೇ ಲೋಟವನ್ನು ಅಷ್ಟು ಆಚೆ ಸರಿಸುತ್ತದೆ. ಕೂತ ದಿಕ್ಕು ಬದಲಾದರೆ ಮಾತ್ರ ಮತ್ತೆ ಎಡವಟ್ಟು.

ಆದರೂ ಈ ಸುತ್ತಾಟ ಸುಮ್ನೆ ಅಲ್ಲ. ತೂಕವೇ ಇಲ್ಲದ ಕಡೆ ತಿಂಗಳಿಗೆ ಶೇಕಡ ಒಂದರಷ್ಟು ಸೊಂಟದ ಮೂಳೆ ಸವೆಯುತ್ತದೆ. ಇಲ್ಲಿ ಆ ಕಾಟ ಇಲ್ಲ. ಮಂಡಿನೋವು ಇರುವವರು ನಡುವಿಗೂ ನೆಲಕ್ಕೂ ಮಧ್ಯದ ಮಹಡಿಯಲ್ಲಿ ಕೋಣೆ ಕೇಳಿ. ಅಲ್ಲಿ ತೂಕ ಅರ್ಧ, ಏಣಿ ಹತ್ತುವುದು ಆಟದ ಹಾಗೆ.

ನೀರಿನ ಬಗ್ಗೆ ಮೂಗು ಮುರಿಯಬೇಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2023ರಲ್ಲೇ ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಸೇರಿಸಿ ಶೇಕಡ 98ರಷ್ಟು ನೀರು ವಾಪಸ್ ಪಡೆದಿದ್ದರು. ಇಲ್ಲಿಯೂ ಅದೇ ಪದ್ಧತಿ. ರುಚಿ ಏನೂ ಇಲ್ಲ, ಅದೇ ಸಮಾಧಾನ.

ಕಸ್ಟಮರ್ ಕೇರ್ ಮಾತ್ರ ದೇವರಿಗೇ ಪ್ರೀತಿ. ಅದು ಇರುವುದು ಭೂಮಿಯಲ್ಲಿ. ನಮ್ಮ ಮಾತು ಅಲ್ಲಿಗೆ ಮುಟ್ಟೋಕೆ ಮೂರು ನಿಮಿಷದಿಂದ 22 ನಿಮಿಷ ಬೇಕು, ಉತ್ತರಕ್ಕೆ ಮತ್ತಷ್ಟೇ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಅಡ್ಡ ಬರುತ್ತಾನೆ. ಆಗ ಎರಡು ವಾರ ಆ ಮಾತೂ ಇಲ್ಲ.

ನನ್ನ ದೂರು ಫ್ಯಾನ್ ಸದ್ದಿನದು. ಹೋದ ವರ್ಷ ಸರಕು ಇಳಿಸುವ ಕೆಲಸಕ್ಕೆ ಎರಡು ತಿಂಗಳು ನಡುವಿನ ಕೋಣೆಯಲ್ಲಿ ಮಲಗಬೇಕಾಯಿತು. ಅಲ್ಲಿ ತೂಕ ಇಲ್ಲ. ಬಿಸಿ ಗಾಳಿ ಮೇಲಕ್ಕೆ ಹೋಗೋಣ ಅಂದರೆ ಮೇಲೆ ಅನ್ನುವುದೇ ಇಲ್ಲ. ಫ್ಯಾನ್ ನಿಂತರೆ ನಾವು ಬಿಟ್ಟ ಉಸಿರು ಮುಖದ ಸುತ್ತಲೇ ಉಳಿಯುತ್ತದೆ. ಒಂದು ರಾತ್ರಿ ನಿಂತೇಬಿಟ್ಟಿತು. ತಲೆ ಸಿಡಿಯುವ ನೋವಿಗೆ ಎಚ್ಚರವಾಯಿತು. ಕೈಯಿಂದಲೇ ಗಾಳಿ ಬೀಸಿಕೊಳ್ಳುತ್ತಾ ಬಾಗಿಲವರೆಗೆ ತೇಲಿ ಹೋದೆ. ಮಾರನೆಯ ದಿನ, ಫ್ಯಾನ್ ಗಡಗಡ ಅನ್ನುತ್ತೆ, ಮಧ್ಯೆ ನಿಲ್ಲುತ್ತೆ, ನೋಡಿ ಅಂತ ಬರೆದು ಕಳಿಸಿದೆ.

ಒಂಬತ್ತು ದಿನಕ್ಕೆ ಉತ್ತರ ಬಂತು: ‘ಸದ್ದು ಜಾಸ್ತಿ ಅನಿಸಿದರೆ ಮಲಗುವಾಗ ಫ್ಯಾನ್ ಆಫ್ ಮಾಡಿಕೊಳ್ಳಿ.’