ಸ್ಟುಟ್‌ಗಾರ್ಟ್‌ನಲ್ಲಿ ಕೋಣೆ: ಒಳಬಾಡಿಗೆ, ವೇಗೇ, ಸ್ಟುಡಿಯೊ, ವಿದ್ಯಾರ್ಥಿನಿಲಯ

ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಸೀಟು ಸಿಕ್ಕಿದೆ, ಎಲ್ಲಿ ಉಳಿದುಕೊಳ್ಳುವುದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ವಿದ್ಯಾರ್ಥಿಗಳ ಊಟ ವಸತಿ ನೋಡಿಕೊಳ್ಳುವ ಸಂಸ್ಥೆ ಸ್ಟುಡಿರೆಂಡೆನ್‌ವೆರ್ಕ್ ನಡೆಸುವ ವಿದ್ಯಾರ್ಥಿನಿಲಯ. ಅಲ್ಲಿ ಕುರ್ಚಿ ಕಿರುಗುಟ್ಟುತ್ತದೆ, ಫ್ರಿಜ್‌ನಲ್ಲಿಟ್ಟ ಮೊಸರು ಮಾಯವಾಗುತ್ತದೆ, ನಡುರಾತ್ರಿ ಯಾರೋ ಬ್ರೆಡ್ ಸುಟ್ಟು ಬೆಂಕಿ ಎಚ್ಚರಿಕೆಯ ಗಂಟೆ ಹೊಡೆಸುತ್ತಾರೆ. ಆದರೂ ಅದೇ. ಒಳಬಾಡಿಗೆಯ ಕೋಣೆ, ಮೂವರು ಸೇರಿ ಹಿಡಿದ ಮನೆ (ಇಲ್ಲಿ ವೇಗೇ ಎನ್ನುತ್ತಾರೆ), ಖಾಸಗಿ ಕಂಪನಿಯ ಸ್ಟುಡಿಯೊ ಎಲ್ಲದರಲ್ಲೂ ಇದ್ದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಕೋಣೆ ಎಷ್ಟು ಚದರ ಮೀಟರ್, ಮಂಚ ಎಷ್ಟು ಅಗಲ ಎಂಬುದೆಲ್ಲ ಜಾಹೀರಾತಿನಲ್ಲೇ ಸಿಗುತ್ತದೆ. ಜಾಹೀರಾತಿನಲ್ಲಿ ಬರೆಯದೆ ಬಿಟ್ಟ ಒಂದು ಸಂಗತಿ ನನ್ನ ಮೊದಲ ಚಳಿಗಾಲವನ್ನು ಪೂರ್ತಿ ನುಂಗಿತು. ಹಾಗಾಗಿ ಇಲ್ಲಿ ಅದರದ್ದೇ ಮಾತು ಹೆಚ್ಚು.

ಇಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ತರಗತಿಗಳು ತಿಂಗಳ ಮಧ್ಯದಲ್ಲಿ. ಹೊಸದಾಗಿ ಬಂದ ವಿದ್ಯಾರ್ಥಿಗಳೆಲ್ಲ ಕೋಣೆ ಹುಡುಕುವ ಅದೇ ಹೊತ್ತಿಗೆ ನಗರದ ಬಾಡ್ ಕಾನ್‌ಸ್ಟಾಟ್ ಭಾಗದಲ್ಲಿ ಬಿಯರ್ ಜಾತ್ರೆಯೂ ನಡೆಯುವುದರಿಂದ ನಾಲ್ಕು ದಿನ ಹೋಟೆಲಿನಲ್ಲಿ ಇದ್ದು ನೋಡೋಣ ಎಂದರೂ ಬೆಲೆ ಕೇಳಿ ಹಿಂದೆ ಸರಿಯಬೇಕು. ವಿದ್ಯಾರ್ಥಿನಿಲಯದ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲೋ ಕೆಳಗಿತ್ತು. ಆಗ ಸಿಕ್ಕಿದ್ದು ಪಕ್ಕದ ಊರು ಬೋಬ್ಲಿಂಗನ್‌ನ ಒಳಬಾಡಿಗೆ ಕೋಣೆ. ಮನೆಯ ಮೂಲ ಬಾಡಿಗೆದಾರರು ಕೆಲವು ತಿಂಗಳು ಬೇರೆಡೆ ಹೋಗುವಾಗ ತಮ್ಮ ಕೋಣೆಯನ್ನು ಸಾಮಾನು ಸಮೇತ ಇನ್ನೊಬ್ಬರಿಗೆ ಕೊಡುವುದು ಇಲ್ಲಿ ಮಾಮೂಲು. ಬಾಡಿಗೆ 520 ಯೂರೊ. ಎಸ್1 ರೈಲು ನೇರವಾಗಿ ಫೈಹಿಂಗನ್‌ನ ‘ಉನಿವೆರ್ಸಿಟೇಟ್’ ನಿಲ್ದಾಣಕ್ಕೆ ಬಿಡುತ್ತದೆ. ಬಾಲ್ಕನಿ, ಒಳ್ಳೆಯ ಒಲೆ, ಚೊಕ್ಕಟ ಸ್ನಾನದ ಮನೆ. ಕೋಣೆಯ ಮಟ್ಟಿಗೆ ನೋಡಿದರೆ ನಾಲ್ಕರಲ್ಲಿ ಅದೇ ಚೆಂದ.

ಸಾಮಾನು ಬಿಚ್ಚಿಟ್ಟ ಮೇಲೆ, ನನಗೆ ಕೋಣೆ ಕೊಟ್ಟ ಮೂಲ ಬಾಡಿಗೆದಾರ ಮಹಿಳೆಗೆ ಸಂದೇಶ ಕಳುಹಿಸಿದೆ: ಅನ್ಮೆಲ್ಡುಂಗ್‌ಗೆ, ಅಂದರೆ ವಿಳಾಸದ ನೋಂದಣಿಗೆ, ನಿಮ್ಮ ಸಹಿಯ ಚೀಟಿ ಬೇಕು. ಉತ್ತರ ಬಂತು: ಈ ಮನೆಯಲ್ಲಿ ನೋಂದಣಿ ಸಾಧ್ಯವಿಲ್ಲ, ತಿಳಿದಿರಬಹುದು ಎಂದುಕೊಂಡಿದ್ದೆ.

ಊರಿನಿಂದ ಹೊರಡುವವರಿಗೆ ಇದು ಸಣ್ಣ ವಿಷಯದಂತೆ ಕಾಣಬಹುದು. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಲೇಬೇಕು, ಕಾನೂನಿದೆ. 2015ರ ನವೆಂಬರ್‌ನಿಂದ ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣವೂ ಬೇಕು. ನಮ್ಮಲ್ಲಿ ಬಾಡಿಗೆ ಕರಾರು ಪತ್ರ ತೋರಿಸಿದರೆ ಗ್ಯಾಸ್ ಸಂಪರ್ಕವೇ ಸಿಗುತ್ತದೆ. ಇಲ್ಲಿ ಕರಾರು ಇದ್ದರೂ ಈ ಚೀಟಿ ಇಲ್ಲದಿದ್ದರೆ ಕಿಟಕಿಯಿಂದಲೇ ವಾಪಸ್ಸು. ಮನೆ ಕೊಟ್ಟವರು ಎಂದರೆ ಮಾಲೀಕರೇ ಆಗಬೇಕೆಂದಿಲ್ಲ, ಒಳಬಾಡಿಗೆ ಕೊಟ್ಟ ಮೂಲ ಬಾಡಿಗೆದಾರರೂ ಸಹಿ ಹಾಕಬಹುದು. ಹಾಗಿದ್ದೂ ಆಕೆ ಏಕೆ ಒಲ್ಲೆ ಎಂದರು? ಮಾಲೀಕರ ಅನುಮತಿ ಪಡೆಯದೆ ಕೋಣೆ ಕೊಟ್ಟಿದ್ದರು. ನನ್ನ ಹೆಸರು ಸರ್ಕಾರಿ ದಾಖಲೆಗೋ ಅಂಚೆಪೆಟ್ಟಿಗೆಗೋ ಏರಿದರೆ ಗುಟ್ಟು ರಟ್ಟಾಗುತ್ತಿತ್ತು.

ಅಂಚೆಪೆಟ್ಟಿಗೆಯ ಕಥೆಯನ್ನೂ ಹೇಳಬೇಕು. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿನ ಸಂಖ್ಯೆ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಆಮೇಲೆ ಹೆಸರು, ಅಷ್ಟೇ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಅಂಚೆಯವರ ಮಟ್ಟಿಗೆ ನೀವು ಆ ಮನೆಯಲ್ಲಿಲ್ಲ. ಈ ದೇಶವೋ ಕಾಗದದ ಮೇಲೆಯೇ ನಡೆಯುತ್ತದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಮತ್ತೊಂದು ಲಕೋಟೆಯಲ್ಲಿ, ವಿಮಾ ಕಂಪನಿಯ ಕಾರ್ಡು ಮೂರನೆಯದರಲ್ಲಿ. ನನ್ನ ಕಾರ್ಡು ಬಂದು ಪಿನ್ ವಾಪಸ್ಸು ಹೋಯಿತು. ಕಾರ್ಡು ಪೆಟ್ಟಿಗೆಗೆ ಹೇಗೆ ಬಿತ್ತು ಎಂಬುದು ನನಗೆ ಇಂದಿಗೂ ಒಗಟು.

ಪಿನ್ ಇನ್ನೊಮ್ಮೆ ತರಿಸಬಹುದು, ತೆರಿಗೆ ಸಂಖ್ಯೆಯನ್ನು ಹಾಗೆ ತರಿಸಲು ಬರುವುದಿಲ್ಲ. ಮೊದಲ ಬಾರಿ ವಿಳಾಸ ನೋಂದಾಯಿಸಿದ ಮೇಲೆಯೇ ಆ ಹನ್ನೊಂದು ಅಂಕಿಯ ಸಂಖ್ಯೆ ಅಂಚೆಯಲ್ಲಿ ಬರುವುದು. ಅದನ್ನು ಕೊಡದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಕಡಿತವಾಗುವ ಅಪಾಯವಿದೆ. ನನಗೆ ಪ್ರಯೋಗಾಲಯವೊಂದರಲ್ಲಿ ಸಹಾಯಕ ಕೆಲಸ ಸಿಗುವುದರಲ್ಲಿತ್ತು. ಕಾಗದಪತ್ರ ತಡವಾದದ್ದರಿಂದ ಮುಂದಿನ ಸೆಮಿಸ್ಟರ್‌ಗೆ ಹೋಯಿತು. ಇನ್ನು ನಿವಾಸ ಪರವಾನಗಿ. ಅದನ್ನು ಕೊಡುವುದು ನೀವು ನೋಂದಾಯಿತರಾದ ಊರಿನ ವಿದೇಶಿಯರ ಕಚೇರಿ. ನೋಂದಣಿಯೇ ಇಲ್ಲದವರು ಯಾವ ಊರಿನವರು? ವೀಸಾದ ಮೇಲಿನ ಕೊನೆಯ ದಿನಾಂಕ ಮಾತ್ರ ಯಾರಿಗೂ ಕಾಯದೆ ಹತ್ತಿರವಾಗುತ್ತಿತ್ತು.

ಕಾನೂನು ನನ್ನ ಪರ ಇತ್ತು, ಅದು ಗೊತ್ತಿತ್ತು. ಮನೆ ಕೊಟ್ಟವರು ಸಹಿ ಹಾಕಲು ನಿರಾಕರಿಸಿದರೆ ಕೂಡಲೇ ನೋಂದಣಿ ಕಚೇರಿಗೆ ತಿಳಿಸಬೇಕು, ನಿರಾಕರಿಸಿದವರಿಗೆ 1,000 ಯೂರೊವರೆಗೆ ದಂಡ ಹಾಕಬಹುದು. ಆದರೆ ದೂರು ಕೊಟ್ಟ ಸಂಜೆ ನಾನು ಮಲಗುವುದು ಎಲ್ಲಿ? ಡಿಸೆಂಬರ್‌ನ ಚಳಿಯಲ್ಲಿ ಕಾನೂನಿನ ಹಕ್ಕಿಗಿಂತ ಹೀಟರ್ ದೊಡ್ಡದು. ಪರಿಚಯದ ಕನ್ನಡಿಗರೊಬ್ಬರು ‘ನಮ್ಮ ಮನೆಯ ವಿಳಾಸ ಹಾಕಿಕೊಳ್ಳಿ, ನಾನು ಸಹಿ ಮಾಡಿಸಿಕೊಡುತ್ತೇನೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವಾಸವಿಲ್ಲದ ವಿಳಾಸವನ್ನು ನೋಂದಣಿಗೆ ಒದಗಿಸಿದವರಿಗೆ 50,000 ಯೂರೊವರೆಗೆ ದಂಡವಿದೆ ಎಂದು ಓದಿದ್ದೆ. ಅವರ ಉಪಕಾರಕ್ಕೆ ಅಂಥ ಉಡುಗೊರೆ ಕೊಡಲು ಮನಸ್ಸಾಗಲಿಲ್ಲ.

ಒಳಬಾಡಿಗೆಗೆ ಹೋಗುವವರು ಮೊದಲ ಸಂದೇಶದಲ್ಲೇ ನೋಂದಣಿಯ ಪ್ರಶ್ನೆ ಹಾಕಲಿ. ಸಾಲುಸಾಲು ಮನೆಗಳು ಕೈತಪ್ಪುತ್ತವೆ, ತಪ್ಪಲಿ. ಕೋಣೆ ತೋರಿಸದೆ ಠೇವಣಿ ಕೇಳಿ, ಕೀಲಿಯನ್ನು ಅಂಚೆಯಲ್ಲಿ ಕಳುಹಿಸುತ್ತೇವೆ ಎನ್ನುವವರಂತೂ ಮೋಸಗಾರರು. ಅವರ ಜೊತೆ ಮಾತು ಬೆಳೆಸುವುದೇ ಬೇಡ.

ಜನವರಿಯಲ್ಲಿ ವೇಗೇ ಸಿಕ್ಕಿತು. ಅಂದರೆ ಎರಡು ಮೂರು ಜನ ಸೇರಿ ಒಂದು ಮನೆ ಹಿಡಿದು, ಆಳಿಗೊಂದು ಕೋಣೆ ಇಟ್ಟುಕೊಂಡು, ಅಡುಗೆಮನೆ ಮತ್ತು ಬಚ್ಚಲನ್ನು ಹಂಚಿಕೊಳ್ಳುವುದು. ನಮ್ಮದು ಬಾಡ್ ಕಾನ್‌ಸ್ಟಾಟ್‌ನಲ್ಲಿ, ಹಳೆಯ ಕಟ್ಟಡದ ಮೂರನೇ ಮಹಡಿ. ಕಾವು, ನೀರು ಎಲ್ಲ ಸೇರಿ ನನ್ನ ಪಾಲು 480 ಯೂರೊ. ಬಂದ ದಿನವೇ ಸಹಿ ಹಾಕಿದ ಚೀಟಿ ಮೇಜಿನ ಮೇಲಿತ್ತು, ಅಂಚೆಪೆಟ್ಟಿಗೆಯ ಮೇಲೆ ನನ್ನ ಹೆಸರೂ ಇತ್ತು, ಅದೂ ಸರಿಯಾದ ಅಕ್ಷರಗಳಲ್ಲಿ. ಆ ಇಬ್ಬರು ಸಹವಾಸಿಗಳ ಮೇಲೆ ನನಗೆ ಇಂದಿಗೂ ಗೌರವವಿದೆ.

ಹಾಗಾದರೆ ವೇಗೇ ಏಕೆ ನನ್ನ ಮೊದಲ ಆಯ್ಕೆಯಲ್ಲ? ಮೊದಲನೆಯದು, ಅದರೊಳಗೆ ಹೋಗುವುದೇ ಒಂದು ಸಂದರ್ಶನ. ಜರ್ಮನ್‌ನಲ್ಲಿ ಪರಿಚಯದ ಪತ್ರ ಬರೆಯಬೇಕು, ಕರೆದರೆ ಹೋಗಿ ಅವರ ಅಡುಗೆಮನೆಯಲ್ಲಿ ಕುಳಿತು ಭಾನುವಾರ ಏನು ಮಾಡುತ್ತೀರಿ, ಬೆಟ್ಟ ಹತ್ತುತ್ತೀರಾ, ಎಷ್ಟು ದಿನಕ್ಕೊಮ್ಮೆ ಪಾತ್ರೆ ತೊಳೆಯುತ್ತೀರಿ ಎಂಬುದಕ್ಕೆಲ್ಲ ನಗುತ್ತ ಉತ್ತರಿಸಬೇಕು. ಬೆಂಗಳೂರಿನಲ್ಲಿ ಕುಳಿತು ಹುಡುಕುವವರಿಗೆ ಆ ಕುರ್ಚಿಯೇ ಸಿಗುವುದಿಲ್ಲ. ಎರಡನೆಯದು ಕೇರ್‌ವೋಖ, ಸ್ಟುಟ್‌ಗಾರ್ಟ್ ಇರುವ ಶ್ವಾಬಿಯ ಸೀಮೆಯ ಪೊರಕೆ ಸರದಿ. ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಪಾಲು. ದೊಡ್ಡ ಸರದಿಯಾದರೆ ಮನೆಮುಂದಿನ ಕಾಲುದಾರಿ, ನೆಲಮಾಳಿಗೆ ಎಲ್ಲವೂ. ಹಿಮ ಬಿದ್ದರೆ ಬೆಳಿಗ್ಗೆ ಬೇಗ ಎದ್ದು ಅದನ್ನೂ ಸರಿಸಬೇಕು. ನಗರಾಡಳಿತ 1988ರಲ್ಲೇ ಇದರ ಕಡ್ಡಾಯವನ್ನು ತೆಗೆದುಹಾಕಿದೆ, ಬಾಡಿಗೆ ಕರಾರುಗಳು ತೆಗೆದಿಲ್ಲ. ಕೆಳಮನೆಯ ಅಜ್ಜಿಯಂತೂ ತೆಗೆದಿಲ್ಲವೇ ಇಲ್ಲ. ನಾನು ಒರೆಸಿದ ಮೆಟ್ಟಿಲನ್ನು ಆಕೆ ನನ್ನೆದುರೇ ಮತ್ತೊಮ್ಮೆ ಒರೆಸಿದರು, ಒಂದು ಮಾತೂ ಆಡದೆ.

ಭಾನುವಾರ ಇಡೀ ದಿನ ಸದ್ದು ಮಾಡಬಾರದೆಂಬ ನಿಯಮದಿಂದ ಚಟ್ನಿಗೆ ಶನಿವಾರವೇ ಮಿಕ್ಸಿ ತಿರುಗಿಸಬೇಕಾಯಿತು. ಇಂಗು ಸಾಸಿವೆಯ ಒಗ್ಗರಣೆಗೆ ಸಹವಾಸಿಗಳು ಒಗ್ಗಿಕೊಂಡರು, ಹೊಗೆ ಪತ್ತೆ ಯಂತ್ರ ಒಗ್ಗಲಿಲ್ಲ. ವೇಗೇಯ ಪರವಾಗಿ ಲೆಕ್ಕದ ಮಾತೂ ಒಂದಿದೆ. ರೇಡಿಯೊ ಟಿವಿ ಶುಲ್ಕ ಮನೆಗೊಂದು, ತಿಂಗಳಿಗೆ 18.36 ಯೂರೊ; ಮೂವರಲ್ಲಿ ಹಂಚಿದರೆ ಆರು ಚಿಲ್ಲರೆ. ವಿದ್ಯಾರ್ಥಿನಿಲಯದಲ್ಲಿ ಸಾಮಾನ್ಯ ಪಡಸಾಲೆಗೆ ಬಾಗಿಲು ತೆರೆಯುವ ಒಂಟಿ ಕೋಣೆಯೇ ಒಂದು ಮನೆ ಎನಿಸಿಕೊಳ್ಳುತ್ತದೆ, ಪೂರ್ತಿ ಶುಲ್ಕ ಒಬ್ಬರೇ ಕಟ್ಟಬೇಕು. ಟಿವಿ ಇಲ್ಲ ಎಂಬ ಮಾತು ನಡೆಯುವುದಿಲ್ಲ.

ಖಾಸಗಿ ಸ್ಟುಡಿಯೊ: ಸ್ನೇಹಿತರೊಬ್ಬರು ರಜೆಗೆ ಊರಿಗೆ ಹೋದಾಗ ಕೆಲವು ವಾರ ಅವರ ಕೋಣೆಯಲ್ಲಿದ್ದೆ. 790 ಯೂರೊ. ಸ್ವಂತ ಬಚ್ಚಲು, ಸ್ವಂತ ಒಲೆ, ಕೆಳಗೆ ಜಿಮ್, ಮಾತಿಗೆ ಒಂದು ನರಪಿಳ್ಳೆ ಇಲ್ಲ. ಅಪ್ಪ ಅಮ್ಮನ ಹಣ ಧಾರಾಳವಾಗಿದ್ದರೆ ಹೋಗಬಹುದು.

ಏಪ್ರಿಲ್‌ಗೆ ವಿದ್ಯಾರ್ಥಿನಿಲಯದಿಂದ ಕರೆ ಬಂತು. ಫೈಹಿಂಗನ್‌ನ ಆಲ್ಮಾಂಡ್‌ರಿಂಗ್, ವಿಶ್ವವಿದ್ಯಾಲಯದ ಆವರಣಕ್ಕೇ ಅಂಟಿಕೊಂಡ ಜಾಗ. ತಿಂಗಳಿಗೆ 365 ಯೂರೊ, ವಿದ್ಯುತ್ತು, ಕಾವು, ಇಂಟರ್ನೆಟ್ ಎಲ್ಲ ಅದರಲ್ಲೇ. ನೋಂದಣಿಯ ಚೀಟಿ ಕೀಲಿಯ ಜೊತೆಗೇ ಬಂತು, ನಾನು ಕೇಳುವ ಮೊದಲೇ. ಮೊದಲ ಚಳಿಗಾಲ ನೋಡಿದವರಿಗೆ ಮಾತ್ರ ಗೊತ್ತು ಆ ಕಾಗದದ ತೂಕ. ಒಂದೇ ಎಚ್ಚರಿಕೆ: ಕೀಲಿ ಕೊಡುವ ಹೌಸ್‌ಮೈಸ್ಟರ್ ಕೂರುವುದು ವಾರದ ದಿನಗಳ ಗೊತ್ತಾದ ಹೊತ್ತಿನಲ್ಲಿ ಮಾತ್ರ. ಶನಿವಾರ ಸಂಜೆ ವಿಮಾನ ಇಳಿಯುವ ಟಿಕೆಟ್ ತೆಗೆಯಬೇಡಿ.

ನಾನು ರಾತ್ರಿ ಹೊತ್ತು ಕೆಲಸ ಮಾಡುವ ಜಾತಿ. ಪ್ರಯೋಗಾಲಯದಿಂದ ಹನ್ನೊಂದಕ್ಕೋ ಹನ್ನೆರಡಕ್ಕೋ ಹೊರಟು ನಡೆದೇ ಕೋಣೆ ಸೇರುತ್ತೇನೆ. ಕಾನ್‌ಸ್ಟಾಟ್‌ನಲ್ಲಿದ್ದಾಗ ಕೊನೆಯ ರೈಲಿನ ಲೆಕ್ಕ ಹಾಕಬೇಕಿತ್ತು. 2010ರಲ್ಲಿ ಶುರುವಾದ ಸ್ಟುಟ್‌ಗಾರ್ಟ್ 21 ರೈಲ್ವೆ ಕಾಮಗಾರಿಯ ದೆಸೆಯಿಂದ ಆ ಲೆಕ್ಕವೂ ಆಗಾಗ ತಪ್ಪುತ್ತಿತ್ತು. ಮಹಡಿಯ ಅಡುಗೆಮನೆ ಗಲೀಜು, ಒಪ್ಪುತ್ತೇನೆ. ಆದರೆ ಅಲ್ಲಿ ಅನ್ನ ಸಾರು ಕುದಿಸುತ್ತ ನಿಂತರೆ ಟ್ಯುನೀಶಿಯದವರೋ ಚೀನಾದವರೋ ಪಕ್ಕದ ಒಲೆಗೆ ಬರುತ್ತಾರೆ, ಯಾವ ಪರೀಕ್ಷೆ ಕಠಿಣ, ಯಾವ ಪ್ರಾಧ್ಯಾಪಕರು ಸಹಾಯಕರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಸಿಗುತ್ತದೆ. ಕೈತಪ್ಪಿದ್ದ ಕೆಲಸದ ಬದಲಿಗೆ ಈಗಿನ ಕೆಲಸ ಸಿಕ್ಕಿದ್ದು ಹಾಗೆಯೇ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ವೀಸಾಕ್ಕಾಗಿ ತಡೆಖಾತೆಯಲ್ಲಿ ಇಟ್ಟ 11,904 ಯೂರೊ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ನಮ್ಮಂಥ ಹೊರದೇಶದವರು ಸೆಮಿಸ್ಟರ್‌ಗೆ 1,500 ಯೂರೊ ಬೋಧನಾ ಶುಲ್ಕ ಕಟ್ಟಬೇಕು. ‘ಜರ್ಮನಿಯಲ್ಲಿ ಓದು ಉಚಿತ’ ಎಂದು ಊರಿನಲ್ಲಿ ಹೇಳುವವರು ಈ ರಾಜ್ಯವನ್ನು ಮರೆತಿರುತ್ತಾರೆ. ಅದಕ್ಕೆ ತಿಂಗಳಿಗೆ 250 ಎತ್ತಿಡುತ್ತೇನೆ. ಆರೋಗ್ಯ ವಿಮೆಗೆ ಸುಮಾರು 145. ಉಳಿದದ್ದು 597. ಅದರಲ್ಲಿ ವಿದ್ಯಾರ್ಥಿನಿಲಯದ ಬಾಡಿಗೆ ಕಳೆದರೆ ಊಟ, ಪ್ರಯಾಣ, ಫೋನಿಗೆ 232 ಯೂರೊ. ವೇಗೇ ಆದರೆ 117. ಒಳಬಾಡಿಗೆಯಾದರೆ 77. ಸ್ಟುಡಿಯೊ ಆದರೆ ಬಾಡಿಗೆಗೇ 193 ಸಾಲ. ಕಡಿಮೆ ಬಿದ್ದದ್ದನ್ನು ದುಡಿದು ತುಂಬಿಸಬಹುದು. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶವಿದೆ. ಆದರೆ ಅದಕ್ಕೆ ತೆರಿಗೆ ಸಂಖ್ಯೆ ಬೇಕು, ತೆರಿಗೆ ಸಂಖ್ಯೆಗೆ ನೋಂದಣಿ ಬೇಕು. ಬೋಬ್ಲಿಂಗನ್‌ನ ಆ ಚೆಂದದ ಬಾಲ್ಕನಿ ನನಗೆ ದುಬಾರಿಯಾದದ್ದು 520ರಿಂದಲ್ಲ.

ಜರ್ಮನ್ ಸರಾಗವಾಗಿ ಬರುವವರು, ಹಗಲಿನ ಕೆಲಸದವರು, ಎರಡು ಮೂರು ವರ್ಷ ಒಂದೇ ಕಡೆ ಇರಬೇಕೆನ್ನುವವರು ವೇಗೇ ಹುಡುಕಲಿ. ಬಿಡುವಾಗ ಮೂರು ತಿಂಗಳು ಮೊದಲೇ ತಿಳಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಠೇವಣಿ ತಳಬಾಡಿಗೆಯ (ಕಾವು, ನೀರಿನ ಖರ್ಚು ಸೇರದ ಬಾಡಿಗೆಯ) ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಉಳಿದವರು ಪ್ರವೇಶ ಪತ್ರ ಕೈಗೆ ಬಂದ ದಿನವೇ ಸ್ಟುಡಿರೆಂಡೆನ್‌ವೆರ್ಕ್‌ಗೆ ಅರ್ಜಿ ಹಾಕಲಿ, ವೀಸಾ ಆಗಲಿ ಆಮೇಲೆ ನೋಡೋಣ ಎಂದು ಕೂರುವುದು ಬೇಡ. ಇಂಥ ನಿಲಯದಲ್ಲಿಯೇ ಕೋಣೆ ಬೇಕೆಂಬ ಹಟವೂ ಬೇಡ, ಯಾವುದು ಸಿಕ್ಕರೂ ಹೂಂ ಎನ್ನಿ. ನನ್ನ ಒಪ್ಪಂದ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ವಿಸ್ತರಣೆಗೆ ಅರ್ಜಿ ಹಾಕಿ ಆಯಿತು.