ಒಂದೇ ಜಾಲವನ್ನು ನಾಲ್ಕಾಗಿ ಒಡೆದುಕೊಟ್ಟ ಅಂಗಡಿ

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಾನು ನಡೆಸುವ ಹಾಸ್ಟೆಲ್‌ನಲ್ಲಿ 140 ಹೆಣ್ಣುಮಕ್ಕಳಿದ್ದಾರೆ. ಅವರ ಮೊಬೈಲ್‌ಗಳು, 80 ಲ್ಯಾಪ್‌ಟಾಪ್, 18 ಕ್ಯಾಮೆರಾ ಎಲ್ಲವೂ ಒಂದೇ ಜಾಲದಲ್ಲಿದ್ದವು. ಭಾನುವಾರ ತಂದೆತಾಯಂದಿರು ಬಂದರೆ ಸಾಕು, ವೈಫೈ ಕೈಕೊಡುತ್ತಿತ್ತು. ಮೊದಲು ರಿಪೇರಿಗೆ ಬಂದವರು ದುಬಾರಿ ರೂಟರ್ ಹಾಕಿಸಿದರು, ಏನೂ ಬದಲಾಗಲಿಲ್ಲ.

ಸೂಪರ್ ಮಾರ್ಕೆಟ್ ಬಳಿಯ ಸಣ್ಣ ಅಂಗಡಿಯ ಹುಡುಗ ಮಾತ್ರ ಮೊದಲು ಮಹಡಿ ಮಹಡಿ ಹತ್ತಿ ಸಾಧನಗಳನ್ನು ಎಣಿಸಿದ. ಜಾಲ ಸೇರುವ ಪ್ರತಿ ಸಾಧನಕ್ಕೂ ಒಂದು ವಿಳಾಸ, ಅಂದರೆ ಗುರುತಿನ ಸಂಖ್ಯೆ ಬೇಕು; ನಮ್ಮ ಜಾಲದಲ್ಲಿ ಇದ್ದದ್ದೇ 254 ವಿಳಾಸ. ಬಂದುಹೋದ ಅತಿಥಿಯ ಮೊಬೈಲ್ ಕೂಡ 24 ಗಂಟೆ ಒಂದು ವಿಳಾಸವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

"ಇದನ್ನು 510ಕ್ಕೆ ಹಿಗ್ಗಿಸಬಹುದು ಅಕ್ಕಾ, ಆದರೆ ಬೇಡ" ಎಂದು ತನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು: ಈ ವಿಳಾಸ ಯಾರದು, ಆ ವಿಳಾಸ ಯಾರದು. ಒಂದು ಸಾಧನ ಹೀಗೆ ಕೂಗಿದರೆ ಆ ಜಾಲದ ಎಲ್ಲವೂ ಕೇಳಿಸಿಕೊಳ್ಳಬೇಕು. ವೈಫೈಯಲ್ಲಿ ಈ ಕೂಗು ಕಡಿಮೆ ವೇಗದಲ್ಲಿ ಹೋಗುವುದರಿಂದ ಉಳಿದವರ ಸಮಯವನ್ನೂ ತಿನ್ನುತ್ತದೆ. ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ.

ಒಂದೇ ಜಾಲವನ್ನು ಬೇರೆ ಬೇರೆ ಜಾಲಗಳಾಗಿ ಒಡೆಯುವ ವಿಲ್ಯಾನ್ ಸ್ವಿಚ್ ಹಾಕಿ ಎರಡು ಮಹಡಿಗೆ ಎರಡು, ಕ್ಯಾಮೆರಾಗಳಿಗೆ ಒಂದು, ಅತಿಥಿಗಳಿಗೆ ಒಂದು ಎಂದು ವಿಂಗಡಿಸಿದ. ಅತಿಥಿಯ ವಿಳಾಸ ಈಗ ಎರಡು ಗಂಟೆಗೇ ಬಿಡುಗಡೆಯಾಗುತ್ತದೆ. ಪ್ರತಿ ತಂತಿಗೂ ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿದ್ದಾನೆ. ಅದು ನನಗೆ ಬಹಳ ಹಿಡಿಸಿತು.

ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದದ್ದೊಂದೇ ಬೇಸರ. ಮೂರು ಭಾನುವಾರ ಕಳೆದಿವೆ, ಯಾರೂ ವೈಫೈ ಬಗ್ಗೆ ದೂರಿಕೊಂಡು ಬಂದಿಲ್ಲ.